ಮೊಮ್ಮಗಳನ್ನು ಮುಟ್ಟದ ದಿನಗಳು

ನನ್ನ ಕರುಳಿನಲ್ಲಿ ಒಂದು ಸೂಕ್ಷ್ಮಜೀವಿ ಈಗಲೂ ಇರಬಹುದು, ಇಲ್ಲದೆಯೂ ಇರಬಹುದು. ಹುಬ್ಬಳ್ಳಿಯ ಡಾಕ್ಟರಿಗೂ ಅಷ್ಟೇ ಗೊತ್ತು. ಅದರ ಹೆಸರು ಕ್ಲೆಬ್ಸಿಯೆಲ್ಲಾ. ನನ್ನ ಗಂಡನ ನಾಲಿಗೆಗೆ ಅದು ಕೊನೆಗೂ ಒಗ್ಗಲಿಲ್ಲ. ಅವರು ಅದನ್ನು "ಆ ಹುಳಾ" ಎನ್ನುತ್ತಾರೆ, ನಮ್ಮ ಹೊಲದ ಹಸಿರು ಹುಳುವಿನ ಹತ್ತಿರದ ಸಂಬಂಧಿ ಎಂಬಂತೆ. ನಾನು ಸಾಯಲಿಲ್ಲ, ಜ್ವರ ಬಿಟ್ಟಿತು, ಮನೆಗೆ ಬಂದೆ. ಊರಿನವರ ಲೆಕ್ಕದಲ್ಲಿ ಕಥೆ ಅಲ್ಲಿಗೆ ಮುಗಿಯಿತು. ಆದರೆ ಗುಣವಾದ ಮೇಲೂ ರೋಗವನ್ನು ಹೊತ್ತುಕೊಂಡೇ ಓಡಾಡುವವರು ಇದ್ದಾರೆ. ಅವರು ಹೇಗೆ ಬದುಕಬೇಕು ಎಂದು ನನಗೆ ಆಗ ಯಾರೂ ಹೇಳಲಿಲ್ಲ. ಅಂಥವರು ಯಾರಾದರೂ ಓದಿದರೆ ಓದಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಹಿರೇಕೆರೂರು ತಾಲ್ಲೂಕಿನಲ್ಲಿ ಮಾಸೂರಿಗೆ ಹತ್ತಿರದ ಹಳ್ಳಿ. ಬೀಜದ ಪ್ಲಾಟು ಮಾಡುವ ಮನೆ. ಕಂಪನಿಗೆ ಮೆಣಸಿನಕಾಯಿಯ ಬೀಜ ಬೆಳೆದು ಕೊಡುತ್ತೇವೆ. ಸಂಜೆ ಹೆಣ್ಣುಗಿಡದ ಮೊಗ್ಗು ಬಿಡಿಸಿ ಒಳಗಿನ ಕೇಸರ ಕೀಳಬೇಕು, ಮರುದಿನ ಬೆಳಿಗ್ಗೆ ಅದಕ್ಕೆ ಗಂಡುಗಿಡದ ಪರಾಗ ಸವರಬೇಕು. ಇದಕ್ಕೆ ನಮ್ಮಲ್ಲಿ ಕ್ರಾಸಿಂಗ್ ಎನ್ನುತ್ತಾರೆ. ಈ ಕೆಲಸಕ್ಕೆ ಬೆರಳು ಚುರುಕಾಗಿರಬೇಕು, ಮೂಗಿನ ತುದಿಯಲ್ಲಿ ಸಿಟ್ಟಿರಬಾರದು. ನನಗೆ ಎರಡೂ ಇವೆ. ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ನನ್ನ ಪಕ್ಕದ ಸಾಲು ಹಿಡಿಯಲು ಹಿಂದೆ ಮುಂದೆ ನೋಡುತ್ತಿದ್ದರು.

ಒಂದು ಹಂಗಾಮಿನಲ್ಲಿ ಮೂತ್ರಪಿಂಡದ ಕಲ್ಲು ನನ್ನನ್ನು ನೆಲಕ್ಕೆ ಉರುಳಿಸಿತು. ಆಸ್ಪತ್ರೆಯವರು ಒಳಗೊಂದು ಸಣ್ಣ ನಳಿಗೆ ಕೂಡಿಸಿ, ಬಾವು ಇಳಿದ ಮೇಲೆ ಕಲ್ಲು ತೆಗೆಯೋಣ ಎಂದು ಕಳಿಸಿದರು. ಬಾವು ಇಳಿಯುವ ಮೊದಲೇ ಚಳಿಜ್ವರ ಬಂತು. ಮಟಮಟ ಮಧ್ಯಾಹ್ನ, ಮೆಣಸಿನ ಸಾಲಿನ ನಡುವೆ ನಿಂತು ನನ್ನ ಹಲ್ಲು ಕಟಕಟಿಸುತ್ತಿದ್ದವು. ಊರ ಹತ್ತಿರ ಇಂಜೆಕ್ಷನ್ ಆಯಿತು, ಜ್ವರ ಇಳಿಯಿತು, ಮತ್ತೆ ಏರಿತು. ಬೇರೆ ಇಂಜೆಕ್ಷನ್ ಆಯಿತು. ಕೊನೆಗೆ ನಾನು ಗಂಡನನ್ನೇ ಗುರುತು ಹಿಡಿಯದೆ "ನೀವು ಯಾರ್ರಿ, ಹೊರಗ ಕುಂದರ್ರಿ" ಎಂದೆನಂತೆ. ಅವರು ಅಂದೇ ಗಾಡಿ ಮಾಡಿಕೊಂಡು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಕರೆದೊಯ್ದರು.

ಆಸ್ಪತ್ರೆಯಲ್ಲಿ ಕಾಯುವುದೇ ಒಂದು ಉದ್ಯೋಗ. ನನ್ನ ಮೂತ್ರದಲ್ಲಿರುವ ಜೀವಿಯನ್ನು ಬೆಳೆಸಿ, ಅದು ಯಾವ ಔಷಧಕ್ಕೆ ಸಾಯುತ್ತದೆ ಎಂದು ನೋಡಲು ಅವರಿಗೆ ಸಮಯ ಬೇಕು. ಅಷ್ಟು ಹೊತ್ತು ನನ್ನ ಗಂಡ ಹೊರಗಿನ ಕಬ್ಬಿಣದ ಕುರ್ಚಿಯಲ್ಲಿ ಟವೆಲ್ ಹೊದ್ದು ಕೂತಿದ್ದರು. ಪಕ್ಕದಲ್ಲಿ ಶಿಗ್ಗಾವಿ ಕಡೆಯ ಒಬ್ಬ ಮುದುಕಪ್ಪ ಕೂತಿದ್ದನಂತೆ. ಇಬ್ಬರೂ ಒಬ್ಬರಿಗೊಬ್ಬರು ರೊಟ್ಟಿ ಹಂಚಿಕೊಂಡರು, ಒಳಗೆ ಯಾರಿದ್ದಾರೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ. ಕೇಳಿದರೆ ಹೇಳಬೇಕಾಗುತ್ತದಲ್ಲ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು, ಹಾನಗಲ್ಲಿನವಳು. ನಮ್ಮ ಮಾತು ಆಡುತ್ತಿದ್ದಳು, ಅದೇ ನನಗೆ ಸಿಕ್ಕ ಮೊದಲ ಪುಣ್ಯ. ರಿಪೋರ್ಟು ಬಂದ ದಿನ ಅವಳು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಡಾಕ್ಟರು ಕೂತರೆ ಸುದ್ದಿ ಚೆನ್ನಾಗಿಲ್ಲ ಎಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು.

"ಅವ್ವಾರ, ನಿಮಗ ಕೊಡಬೇಕಾದ ಔಷಧ ಎಲ್ಲಾ ಇದಕ್ಕ ನೀರು ಕುಡದಂಗ. ಒಂದ ಉಳದೈತಿ. ಕೊಲಿಸ್ಟಿನ್ ಅಂತ. ಹಳೇ ಔಷಧ, ಮೂತ್ರಪಿಂಡಕ್ಕ ತ್ರಾಸ ಕೊಡತೈತಿ. ಆದ್ರೂ ಕೊಡಾಕಬೇಕು."

"ಕೊಡವಾ," ಎಂದೆ. "ನನ್ನ ಮಗಳು ಬಸುರಿ ಅದಾಳ. ಬಾಣಂತನ ಮಾಡಾಕ ನಾ ಇರಬೇಕು."

ಮಗಳು ಸುಜಾತಾ ಸವಣೂರಿಗೆ ಮದುವೆಯಾಗಿದ್ದಾಳೆ. ಅದು ಅವಳ ಮೊದಲ ಬಸಿರು. ಚೊಚ್ಚಲ ಬಾಣಂತನ ತವರಿನದು. ತಾಯಿ ಬದುಕಿರುವಾಗ ಅದನ್ನು ಬೇರೆಯವರು ಮಾಡಿದರೆ ತಾಯಿ ಬದುಕಿದ್ದಾದರೂ ಏಕೆ ಎಂದು ಕೇಳುವ ಊರು ನಮ್ಮದು. ನನ್ನ ಅವ್ವ ನನಗೆ ಮಾಡಿದ್ದಳು. ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ನೀರು ಎರೆಯುವುದನ್ನು ನಾನು ಮನಸ್ಸಿನಲ್ಲೇ ಎಷ್ಟೋ ಸಲ ಮಾಡಿ ಮುಗಿಸಿದ್ದೆ.

ಔಷಧ ಹತ್ತಿತು. ಜ್ವರ ಇಳಿಯಿತು, ಗಂಜಿ ಕುಡಿದೆ, ನರ್ಸಿಗೆ ದಬಾಯಿಸಿದೆ. ಗಂಡ ಊರಿಗೆ ಫೋನು ಮಾಡಿ "ಬೈಯಾಕ ಸುರು ಮಾಡ್ಯಾಳ, ಇನ್ನ ಚಿಂತಿ ಇಲ್ಲ" ಎಂದರಂತೆ. ಆಮೇಲೆ ಒಂದು ಮುಂಜಾನೆ ಕಾಲಬೆರಳುಗಳಿಂದ ಚಳಿ ಮೇಲಕ್ಕೆ ಬಂತು. ಮತ್ತೆ ಪರೀಕ್ಷೆ, ಮತ್ತೆ ಕಾಯುವುದು. ಡಾಕ್ಟರು ಮತ್ತೆ ಸ್ಟೂಲು ಎಳೆದಳು.

"ಅದ ಹುಳಾನ, ಅವ್ವಾರ. ಆದ್ರ ಬದಲಾಗೇತಿ. ಕೊಲಿಸ್ಟಿನ್ ಅದರ ಮೈಮ್ಯಾಲಿನ ಹೊದಿಕಿಗೆ ಅಂಟಿಕೊಂಡು ತೂತು ಮಾಡತಿತ್ತು. ಈಗ ಅಂಟಗೊಡದಂಗ ಹೊದಿಕೀನ ಬದಲ ಮಾಡಿಕೊಂಡೈತಿ."

"ಯಾರು ಕಲಿಸಿದ್ರು ಅದಕ್ಕ?"

"ಯಾರೂ ಕಲಿಸಂಗಿಲ್ಲ. ಕೋಟಿಗಟ್ಟಲೆ ಹುಟ್ಟತಾವಲ್ಲ, ಯಾವುದೋ ಒಂದರ ವಂಶವಾಹಿನ್ಯಾಗ ಸಣ್ಣ ತಪ್ಪಾಗಿರತೈತಿ. ಆ ತಪ್ಪ ಅದನ್ನ ಉಳಸತೈತಿ. ಉಳಕಿದ್ದೆಲ್ಲಾ ಸತ್ತಮ್ಯಾಲೆ ಜಾಗಾ ಎಲ್ಲಾ ಅದರದ."

ನನಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು. ವರ್ಷವಿಡೀ ನಾನು ಮಾಡುವುದು ಅದೇ ಕೆಲಸ: ಬೇಕಾದ ಗಿಡ ಉಳಿಸಿ ಬೇಡದ್ದನ್ನು ಕೀಳುವುದು, ಉಳಿದದ್ದರ ಬೀಜ ಹಿಡಿಯುವುದು. ನನ್ನ ಮೈಯಲ್ಲಿ ಔಷಧ ಕೂಡ ಹಾಗೇ ಸಾಲು ಹಿಡಿದು ಕಿತ್ತು, ತನಗೆ ಬಗ್ಗದ ಒಂದನ್ನು ಬಿಟ್ಟಿತ್ತು. ಅದು ಈಗ ಹೊಲ ತುಂಬ ಹಬ್ಬಿತ್ತು. ಅವತ್ತು ನಾನು ಹೆದರಿದೆ. ಅಲ್ಲಿಯವರೆಗೆ ನೋವಿತ್ತು, ಸಿಟ್ಟಿತ್ತು, ಹೆದರಿಕೆ ಇರಲಿಲ್ಲ. ಗಂಡನನ್ನು ಕರೆದು, ಸುಜಾತಾಳ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಎತ್ತಿಟ್ಟ ಹಸಿರು ಇಳಕಲ್ ಸೀರೆ ಟ್ರಂಕಿನ ತಳದಲ್ಲಿದೆ ಎಂದು ಹೇಳಿದೆ. ಅವರು "ಅದನ್ನ ನೀನ ತಗದ ಕೊಡು" ಎಂದು ಹೊರಗೆ ಹೋದರು. ಬಾಗಿಲ ಆಚೆ ಮೂಗು ಒರೆಸಿಕೊಳ್ಳುವುದು ಕೇಳಿಸಿತು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ, ನನಗೇ ಅದು ಅರೆಬರೆ ನೆನಪು. ಜೀವಿ ಮನೆ ಮಾಡಿಕೊಂಡಿದ್ದ ನಳಿಗೆಯನ್ನೂ ಕಲ್ಲನ್ನೂ ತೆಗೆದರು. ಒಂಟಿಯಾಗಿ ಕೊಟ್ಟರೆ ನಾಟದ ಹೊಸ ಔಷಧಗಳೆರಡನ್ನು ಜೊತೆ ಮಾಡಿ ಕೊಟ್ಟರು. ಕೈಗವಸು, ನಿಲುವಂಗಿ ಇಲ್ಲದೆ ಯಾರೂ ನನ್ನ ಹತ್ತಿರ ಬರುತ್ತಿರಲಿಲ್ಲ. ಮಾತಾಡಿಸಲು ಬಂದ ನೆಂಟರನ್ನು ಬಾಗಿಲಲ್ಲೇ ತಡೆದರು. ಅವರು ತಂದ ಬಾಳೆಹಣ್ಣಿನ ಚೀಲಗಳು ಹೊರಗೆ ನನ್ನ ಗಂಡನ ಕಾಲ ಬಳಿ ಸಾಲುಗಟ್ಟಿದ್ದವು. ಸುಜಾತಾ ಬರುತ್ತೇನೆ ಎಂದು ಅತ್ತರೂ ಬೇಡವೆಂದೆ. ಒಬ್ಬ ನರ್ಸು ಮಾತ್ರ ಒಂದು ಸಂಜೆ, ಕೈಗವಸು ಹಾಕಿಕೊಂಡೇ, ಗಂಟುಗಟ್ಟಿದ ನನ್ನ ಕೂದಲನ್ನು ನಿಧಾನ ಬಿಡಿಸಿ ಹೆರಳು ಹಾಕಿದಳು. ನಾನು ಬದುಕುತ್ತೇನೆ ಎಂದು ನನಗೆ ಅನಿಸಿದ್ದು ಅವತ್ತು.

ಬಿಡುಗಡೆಯ ದಿನ ಡಾಕ್ಟರು ಗಡಿಬಿಡಿಯಲ್ಲಿದ್ದಳು. ರಕ್ತದಲ್ಲಿ, ಮೂತ್ರದಲ್ಲಿ ಏನಿಲ್ಲ, ಆದರೆ ಕರುಳಿನಲ್ಲಿ ಅದು ಉಳಿದಿರಬಹುದು ಎಂದಳು. ನಿಮಗೆ ತೊಂದರೆ ಕೊಡದೆ ಇರುತ್ತದೆ, ಕೂಸುಗಳ ವಿಷಯದಲ್ಲಿ ಹುಷಾರಾಗಿರಿ, ಮುಂದಿನ ಸಲ ಬಂದಾಗ ವಿವರವಾಗಿ ಹೇಳುತ್ತೇನೆ ಎಂದು ಬೇರೆ ವಾರ್ಡಿಗೆ ಓಡಿದಳು. ಆ ಅರ್ಧ ಮಾತನ್ನು ನನ್ನ ಗಂಡ ಗಟ್ಟಿಯಾಗಿ ಗಂಟು ಹಾಕಿಕೊಂಡರು.

ಬೀಜದ ಪ್ಲಾಟಿನವರಿಗೆ ಒಂದೇ ಭಯ: ಪಕ್ಕದ ಹೊಲದ ಪರಾಗ. ಗಾಳಿಯಲ್ಲಿ, ಜೇನ್ನೊಣದ ಕಾಲಲ್ಲಿ ಬಂದು ನಮ್ಮ ತಳಿ ಕೆಡಿಸುತ್ತದೆ. ಅದಕ್ಕೇ ಅಂತರ ಬಿಡುತ್ತೇವೆ, ನಡುವೆ ಗೋವಿನಜೋಳದ ಒತ್ತು ಸಾಲು ಎಬ್ಬಿಸಿ ಗಾಳಿ ತಡೆಯುತ್ತೇವೆ. ನನ್ನ ಗಂಡನಿಗೆ ಗೊತ್ತಿದ್ದ ಎಚ್ಚರಿಕೆ ಅದೊಂದೇ. ಹೊಲದ ಮೂಲೆಯಲ್ಲಿ ಬೀಜ ಒಣಗಿಸುವ ತಗಡಿನ ಶೆಡ್ಡಿತ್ತು. ನನ್ನ ಮಂಚವನ್ನು ಅಲ್ಲಿ ಹಾಕಿದರು. ಗಾಳಿ ಮನೆಯಿಂದ ಶೆಡ್ಡಿನ ಕಡೆಗೆ ಬೀಸುತ್ತದೋ ಇಲ್ಲವೋ ಎಂದು ಮಣ್ಣು ತೂರಿ ನೋಡಿದರು. ಸುತ್ತಲೂ ಮೂರು ಕಡೆ ಗೋವಿನಜೋಳ ಬಿತ್ತಿದರು.

"ಇದೇನ್ರಿ, ನನ್ನನ್ನ ಗಂಡುಗಿಡ ಮಾಡೀರೇನು?" ಎಂದೆ.

"ಸುಮ್ನಿರು. ಕೂಸು ಬರೂದೈತಿ ಮನಿಗೆ. ಈಗಿಂದ ಗಾಳಿ ಚೊಕ್ಕ ಇರಬೇಕು."

ಅವರ ಮುಖ ನೋಡಿ ನಾನು ಬೈಯಲಿಲ್ಲ. ಜೋಳ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಊಟದ ತಾಟು ಅವರೇ ತರುತ್ತಿದ್ದರು, ಅವರೇ ಒಯ್ಯುತ್ತಿದ್ದರು. ಸಂಜೆ ಶೆಡ್ಡಿನ ಹೊರಗೆ ಕೂತು ಮಗಳ ಸುದ್ದಿ ಹೇಳುತ್ತಿದ್ದರು. ಬೀಗರಿಗೆ ಮಾತ್ರ ನಿಜ ಹೇಳಬೇಡ ಎಂದರು. ಔಷಧಕ್ಕೆ ಬಗ್ಗದ ರೋಗ ಎಂದರೆ ಮಗಳನ್ನು ನೋಡುವ ಕಣ್ಣೇ ಬದಲಾಗುತ್ತದೆ, ನಿತ್ರಾಣ ಎನ್ನೋಣ ಎಂದರು. ನಾನೂ ಹೂಂ ಎಂದೆ.

ಏಳನೇ ತಿಂಗಳಿಗೆ ಕುಬಸ ಆಯಿತು. ಸವಣೂರಿನಿಂದ ಬೀಗರು ಬಂದರು. ಹಸಿರು ಸೀರೆ, ಹಸಿರು ಬಳೆ ತೊಟ್ಟ ಮಗಳನ್ನು ಅಂಗಳದಲ್ಲಿ ಕೂಡಿಸಿದ್ದನ್ನು ನಾನು ಜೋಳದ ಗರಿ ಸರಿಸಿ ನೋಡಿದೆ. ಸುಜಾತಾ ಎರಡು ಸಲ ಹೊಲದ ಕಡೆಗೆ ತಿರುಗಿದಳು. ಅವಳ ಅತ್ತೆ ಪಾರ್ವತೆವ್ವ ದೊಡ್ಡ ದನಿಯ ಹೆಂಗಸು. "ಬೀಗ್ತಿ ಎಲ್ಲಿ? ನಾವು ಬಂದ್ರ ಒಂದು ಬರ್ರಿ ಅನ್ನಾಕೂ ಬರಬಾರದಷ್ಟು ನಿತ್ರಾಣ ಏನು?" ಎಂದದ್ದು ಜೋಳದ ಸಾಲು ದಾಟಿ ನನಗೆ ಕೇಳಿಸಿತು. ನನ್ನ ಗಂಡ ಏನು ಹೇಳಿದರೋ. ಅವರು ಊಟ ಮಾಡಿ, ಮುಖ ಗಂಟು ಹಾಕಿಕೊಂಡು, ಸುಜಾತಾಳನ್ನೂ ಮರಳಿ ಕರೆದುಕೊಂಡು ಹೋದರು.

ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಪರೀಕ್ಷೆಯಲ್ಲಿ ಜೀವಿ ಇನ್ನೂ ಕಂಡಿತು. ಡಾಕ್ಟರು ಅವತ್ತು ಬಿಡುವಾಗಿ ಕೂತಿದ್ದಳು. ಗಂಡ ತಾವು ಕೈಗೊಂಡ ಕ್ರಮವನ್ನು ಹೆಮ್ಮೆಯಿಂದ ವರದಿ ಮಾಡಿದರು: ಅಂತರ ಇಷ್ಟು, ಗಾಳಿ ಹೀಗೆ, ಒತ್ತು ಸಾಲು ಆಳುದ್ದ. ಅವಳು ನಗಲಿಲ್ಲ. ಅದಕ್ಕೆ ಇವತ್ತಿಗೂ ಅವಳ ಮೇಲೆ ನನಗೆ ಗೌರವ.

"ಯಜಮಾನ್ರ, ಇದು ಪರಾಗ ಅಲ್ಲ. ಗಾಳಿಗುಂಟ ಹಾರಿ ಬರಂಗಿಲ್ಲ. ಕೈಯಿಂದ ಬರತೈತಿ. ಅವ್ವಾರ ತಾಟು ಯಾರು ಒಯ್ಯತೀರಿ?"

"ನಾನ."

"ಆಮ್ಯಾಲೆ ಕೈಗೆ ಸಾಬೂನು?"

ಗಂಡ ನನ್ನ ಮುಖ ನೋಡಿದರು. ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಅವನ್ನೇ ನೋಡುತ್ತ ಕೂತರು. ಅಷ್ಟು ಬೆಳೆದ ಜೋಳ ಅವರ ಕಣ್ಣೆದುರು ಬಂದಿರಬೇಕು. ನನಗೆ ಅಯ್ಯೋ ಅನಿಸಿತು.

ಡಾಕ್ಟರು ನಿಧಾನವಾಗಿ ಹೇಳಿದಳು. ಪಾಯಖಾನೆಗೆ ಹೋಗಿ ಬಂದ ಮೇಲೆ, ಅಡುಗೆಗೆ ಮೊದಲು ಸಾಬೂನಿನಿಂದ ಉಜ್ಜಿ ಕೈ ತೊಳೆದರೆ ಮನೆಯವರ ಜೊತೆ ಮನೆಯಲ್ಲೇ ಇರಬಹುದು. ಗಟ್ಟಿಮುಟ್ಟಾದ ಕೂಸನ್ನು ತೊಳೆದ ಕೈಯಲ್ಲಿ ಎತ್ತಿಕೊಳ್ಳಬಹುದು. ದಿನ ತುಂಬದೆ ಹುಟ್ಟಿದ, ತೂಕವಿಲ್ಲದ ಕೂಸಿನ ಮಾತು ಬೇರೆ. ಆಗ ಅಲ್ಲಿನ ಡಾಕ್ಟರಿಗೆ ಮೊದಲೇ ತಿಳಿಸಬೇಕು. ಕೊಲಿಸ್ಟಿನ್ನಿನಂಥ ಔಷಧಗಳು ನಮ್ಮ ಮೈಯಲ್ಲೂ ಹುಟ್ಟುತ್ತವಂತೆ, ಚರ್ಮದಲ್ಲಿ, ಕರುಳಿನಲ್ಲಿ, ತಾಯಿಯ ಹಾಲಿನಲ್ಲಿ. ಮೈ ತನ್ನ ಕಾವಲು ತಾನೇ ಇಟ್ಟುಕೊಂಡಿರುತ್ತದೆ. ಎಳೇ ಕೂಸಿಗೆ ಆ ಕಾವಲು ಇನ್ನೂ ಬಲಿತಿರುವುದಿಲ್ಲ. ನನ್ನೊಳಗಿನದು ಅಂಥ ಕಾವಲನ್ನು ದಾಟುವುದನ್ನು ಒಂದಿಷ್ಟು ರೂಢಿಸಿಕೊಂಡಿರಲೂಬಹುದು. "ಹೆದರಸಾಕತ್ತಿಲ್ಲ, ಅವ್ವಾರ. ಸುಳ್ಳು ಹೇಳಬಾರದಲ್ಲ," ಎಂದಳು.

"ಯಾವಾಗ ಹೋಗತೈತಿ ಇದು?"

"ಹೋಗಬಹುದು. ಉಳೀಬಹುದು. ನನಗ ಗೊತ್ತಿಲ್ಲ."

ಮನೆಗೆ ಮರಳಿದೆ, ಮಂಚವೂ ಮರಳಿತು. ಗಂಡ ಎಲ್ಲ ನೀರಿನ ಜಾಗದಲ್ಲೂ ಸಾಬೂನು ಇಟ್ಟರು. ಬಾಣಂತಿ ಕೋಣೆಗೆ ಸುಣ್ಣ ಬಳಿಸಿದೆವು. ಆ ಸುಣ್ಣ ಆರುವ ಮೊದಲೇ ಸವಣೂರಿನಿಂದ ಫೋನು ಬಂತು. ಸುಜಾತಾಳಿಗೆ ರಕ್ತದೊತ್ತಡ ಏರಿ ಹಾವೇರಿಗೆ ಕರೆದೊಯ್ದಿದ್ದರು.

ನಾವು ಮುಟ್ಟುವಷ್ಟರಲ್ಲಿ ಶಸ್ತ್ರಚಿಕಿತ್ಸೆಯಾಗಿ ಹೆಣ್ಣು ಕೂಸು ಹುಟ್ಟಿತ್ತು. ದಿನ ತುಂಬಿರಲಿಲ್ಲ. ಎಳೆಗೂಸುಗಳ ವಾರ್ಡಿನ ಗಾಜಿನಾಚೆ ಅದನ್ನು ತೋರಿಸಿದರು. ಟೊಪ್ಪಿಗೆಯೇ ದೊಡ್ಡದು, ಮುಖ ಸಣ್ಣದು. ಎರಡು ದಿನ ಹಾಗೇ ಕಳೆಯಿತು. ಮೂರನೆಯ ಮಧ್ಯಾಹ್ನ ನರ್ಸು ಹೊರಗೆ ಬಂದಳು. ಕೂಸಿನ ಉಸಿರಾಟ ಹದಕ್ಕೆ ಬಂದಿದೆ, ಇನ್ನು ಯಾರಾದರೂ ಎದೆಗೆ ಚರ್ಮ ತಾಗುವಂತೆ ಕಟ್ಟಿಕೊಂಡು ಕಾವು ಕೊಡಬೇಕು, ತಾಯಿಗೆ ಇನ್ನೂ ಏಳಲು ಆಗುತ್ತಿಲ್ಲ ಎಂದಳು.

"ತಾಯಿ ಕಡೆ ಅಜ್ಜಿ ಯಾರ್ರಿ? ಬರ್ರಿ ಒಳಗ."

ಎಲ್ಲರೂ ನನ್ನ ಕಡೆ ತಿರುಗಿದರು. ಅಳಿಯ ತಿರುಗಿದ, ಪಾರ್ವತೆವ್ವ ತಿರುಗಿದರು, ಬೆಂಚಿನ ಮೇಲಿದ್ದ ಅಪರಿಚಿತ ಹೆಂಗಸರೂ ತಿರುಗಿದರು. ಅದು ನನ್ನ ಹಕ್ಕು, ನನಗಾಗಿಯೇ ಬಿಟ್ಟ ಜಾಗ. ಒಂದು ಕ್ಷಣ, ಎದ್ದು ಹೋಗಿಬಿಡೋಣ ಅನಿಸಿತು. ಕೈ ತೊಳೆಯುತ್ತೇನಲ್ಲ, ಯಾರಿಗೆ ಗೊತ್ತಾಗುತ್ತದೆ? ಗಂಡ ನೆಲ ನೋಡುತ್ತಿದ್ದರು. ಬಾಯಿ ಬಿಟ್ಟರೆ ಬೀಗರೆದುರು ನಾವು ಇಷ್ಟು ದಿನ ಆಡಿದ ಸುಳ್ಳು ಹೊರಗೆ ಬೀಳುತ್ತಿತ್ತು. ಮಗಳು ಒಳಗೆ ಏಳಲಾರದೆ ಮಲಗಿದ್ದಳು.

"ನನಗ ಕೊಡಬ್ಯಾಡ್ರಿ," ಎಂದೆ. "ನನ್ನ ಕರಳಿನ್ಯಾಗ ಔಷಧಕ್ಕ ಸಾಯದ ಹುಳಾ ಐತಿ. ಹುಬ್ಬಳ್ಳಿಯೊಳಗ ಹೇಳ್ಯಾರ. ಈ ಕೂಸಿಗೆ ತಡಕೊಳ್ಳೂ ಶಕ್ತಿ ಇಲ್ಲ. ನಿಮ್ಮ ಡಾಕ್ಟರಿಗೂ ಹೇಳ್ರಿ."

ಪಕ್ಕದ ಹೆಂಗಸು ಸೆರಗು ಎಳೆದುಕೊಂಡು ಸರಿದು ಕೂತಳು. ಅಳಿಯ ತನ್ನ ತಾಯಿಯ ಮುಖ ನೋಡಿದ. ಪಾರ್ವತೆವ್ವ ನನ್ನನ್ನು ದಿಟ್ಟಿಸಿದರು.

"ಅದಕ್ಕ ಕುಬಸಕ್ಕ ಹೊರಗ ಬರಲಿಲ್ಲೇನು?"

ಹೌದೆಂದು ತಲೆಯಾಡಿಸಿದೆ. ಅವರು ನರ್ಸಿನ ಕಡೆ ಹೊರಳಿ, "ನಾ ಬರತೇನಿ," ಎಂದರು. ಮೊಣಕೈವರೆಗೆ ತೊಳೆಯಬೇಕು, ಬಳೆ ತೆಗೆಯಬೇಕು ಎಂದಳು ನರ್ಸು. ನಮ್ಮಲ್ಲಿ ಮುತ್ತೈದೆಯ ಕೈಯಿಂದ ಬಳೆ ತೆಗೆಸುವುದೆಂದರೆ ಆಡಬಾರದ ಮಾತು. ಪಾರ್ವತೆವ್ವನ ಗಂಡ ಅಲ್ಲೇ ನಿಂತಿದ್ದರು. ಆಕೆ ಅವರತ್ತ ನೋಡದೆ ಒಂದೊಂದೇ ಬಳೆ ಬಿಚ್ಚಿ, ನನ್ನ ಉಡಿಗೆ ಹಾಕಿದರು.

"ಹಿಡೀರಿ, ಬೀಗ್ತಿ. ಬಳಿ ಮತ್ತ ಇಟಗೋಬಹುದು," ಎಂದು ಒಳಗೆ ಹೋದರು. ಗಾಜಿನಿಂದ ನೋಡಿದೆ. ಅಷ್ಟು ದೊಡ್ಡ ದನಿಯ ಹೆಂಗಸು ಅಷ್ಟು ಸಣ್ಣ ಕೂಸನ್ನು ಎದೆಗೆ ಕಟ್ಟಿಕೊಂಡು ಉಸಿರನ್ನೂ ಹಗುರಾಗಿ ಬಿಡುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ ಅತ್ತೆ. ಕೃತಜ್ಞತೆಯಿಂದ ಅತ್ತೆ ಎಂದರೆ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚಿನಿಂದಲೂ ಅತ್ತೆ.

ಬಾಣಂತನ ಸವಣೂರಿನಲ್ಲಾಯಿತು. ಊರಲ್ಲಿ ಮಾತು ಬಂದವು. ತವರಿಗೆ ಬರ ಬಂದಿದೆಯೇ ಎಂದು ಬಾವಿಕಟ್ಟೆಯಲ್ಲಿ ಕೇಳಿದವರಿದ್ದಾರೆ. ನಾನು ಬಸ್ಸು ಹತ್ತಿ ಹೋಗಿ ಬಾಣಂತಿ ಕೋಣೆಯ ಹೊಸ್ತಿಲಾಚೆ ಕೂರುತ್ತಿದ್ದೆ. ಸುಜಾತಾ ಕೂಸಿನ ಮುಖ ಈ ಕಡೆ ತಿರುಗಿಸಿ ತೋರಿಸುತ್ತಿದ್ದಳು. ಕೂಸು ತಾಯಿಯ ಹಾಲು ಕುಡಿದು ತುಂಬಿಕೊಳ್ಳುತ್ತಿತ್ತು. ಹಾವೇರಿಯ ಮಕ್ಕಳ ಡಾಕ್ಟರು, ಹುಬ್ಬಳ್ಳಿಯ ನಮ್ಮ ಡಾಕ್ಟರು ಇಬ್ಬರೂ ಇನ್ನು ಅಡ್ಡಿಯಿಲ್ಲ, ಕೈ ತೊಳೆದು ಎತ್ತಿಕೊಳ್ಳಿ ಎಂದ ಮೇಲೂ ನಾನು ಹೊಸ್ತಿಲು ದಾಟಲಿಲ್ಲ. ಅಪ್ಪಣೆ ಸಿಕ್ಕರೂ ಧೈರ್ಯ ಸಿಕ್ಕಿರಲಿಲ್ಲ. ನನ್ನ ಕೈಗಳು ನನಗೇ ಪರರ ಕೈಗಳಾಗಿದ್ದವು.

ಒಂದು ಮುಂಜಾನೆ ನಾನು ಹೋದಾಗ ಪಾರ್ವತೆವ್ವ ಬಚ್ಚಲಲ್ಲಿ ನೀರು ಹದ ಮಾಡುತ್ತಿದ್ದರು. ನನ್ನನ್ನು ಕಂಡು ಸಾಬೂನು ಮುಂದೆ ಚಾಚಿದರು.

"ಕೈ ತೊಳೀರಿ. ನನ್ನ ಮೊಣಕಾಲು ನೋಯಾಕತ್ತಾವು. ಇವತ್ತ ಎರಿಯೂದು ನಿಮ್ಮ ಪಾಳಿ."

"ಬ್ಯಾಡ್ರಿ, ಅಕ್ಕಾರ. ನನಗ ಅಂಜಿಕಿ ಬರತೈತಿ."

"ಅಂಜಿಕೋತನ ಎರೀರಿ. ನಾನೂ ಅವತ್ತ ಒಳಗ ಅಂಜಿಕೋತನ ಕುಂತಿದ್ದೆ."

ಆಕೆ ತಂಬಿಗೆಯಿಂದ ನೀರು ಹಾಕಿದರು, ನಾನು ಮೊಣಕೈವರೆಗೆ ಉಜ್ಜಿದೆ. ಸಾಕೆಂದರೂ ಉಜ್ಜಿದೆ. ಕೊನೆಗೆ ಆಕೆ ಸಾಬೂನನ್ನು ನನ್ನ ಕೈಯಿಂದ ಕಸಿದುಕೊಂಡರು. ಮಣೆಯ ಮೇಲೆ ಕೂತು ಕಾಲು ಚಾಚಿದೆ. ಸುಜಾತಾ ಬಗ್ಗಿ ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿ, "ಹಿಡಕೊ, ಅವ್ವಾ" ಎಂದಳು. ಹಿಡಿದೆ. ಅದರ ಬೆನ್ನು ನನ್ನ ಅಂಗೈಗಿಂತ ಬೆಚ್ಚಗಿತ್ತು.

ಮೊದಲ ತಂಬಿಗೆ ಬಿದ್ದದ್ದೇ ತಡ, ಕೂಸು ಮುಖ ಕೆಂಪು ಮಾಡಿಕೊಂಡು ಮನೆ ಹಾರಿಹೋಗುವಂತೆ ಕಿರುಚಿತು. ನಾನು ಬೆಚ್ಚಿ ಕೈ ನಿಲ್ಲಿಸಿದೆ. ನನ್ನ ಕೈ ತಾಗಿದ್ದಕ್ಕೇ ಏನೋ ಆಯಿತು ಎಂದುಕೊಂಡೆ.

"ನಿಲ್ಲಸಬ್ಯಾಡ್ರಿ," ಎಂದರು ಪಾರ್ವತೆವ್ವ. "ದಿನಾ ಹಿಂಗ ಅಳತಾಳ ಅಕಿ, ಯಾರು ಎರದ್ರೂ."

ಎರಡನೇ ತಂಬಿಗೆ ಹಾಕಿದೆ. ಕೂಸು ಇನ್ನೂ ಜೋರಾಗಿ ಅತ್ತಿತು, ಯಾರು ಎರೆದರೂ ಅಳುವ ಹಾಗೆಯೇ.